ಕೀಲಿಕೈ ಯಾರ ಹತ್ತಿರ ಇದೆ?

ಯಾವುದಾದರೂ ಓಪನ್ ಸೋರ್ಸ್ ಪ್ರಾಜೆಕ್ಟಿಗೆ, ಅಂದರೆ ಯಾರು ಬೇಕಾದರೂ ಕೋಡ್ ನೋಡಿ ತಿದ್ದಬಹುದಾದ ಸಾಫ್ಟ್‌ವೇರಿನ ಕೆಲಸಕ್ಕೆ, ಹೊಸದಾಗಿ ಸೇರಿದರೆ ಕೋಡ್ ಓದುವುದಕ್ಕೂ ಮೊದಲು ನಾನು ಒಂದಷ್ಟು ವಿಷಯ ಹುಡುಕುತ್ತೇನೆ. ಡೊಮೈನ್, ಅಂದರೆ ವೆಬ್‌ಸೈಟಿನ ವಿಳಾಸ, ಯಾರ ಹೆಸರಲ್ಲಿದೆ? ಬೇರೆಯವರ ಕೋಡನ್ನು ಮರ್ಜ್ ಮಾಡುವ, ಅಂದರೆ ಮೂಲ ಕೋಡಿಗೆ ಸೇರಿಸುವ, ಹಕ್ಕು ಯಾರಿಗಿದೆ? ರಿಲೀಸ್ ಹೊರಡಿಸುವ ಪಾಸ್‌ವರ್ಡ್ ಎಷ್ಟು ಜನಕ್ಕೆ ಗೊತ್ತು? ವೆಬ್‌ಸೈಟಿನಲ್ಲಿ ‘ನಮ್ಮ ತಂಡ’ ಅಂತ ನಗುಮುಖದ ಫೋಟೊಗಳನ್ನು ಸಾಲಾಗಿ ಹಾಕಿರುತ್ತಾರೆ, ಅದರಿಂದ ಏನೂ ತಿಳಿಯುವುದಿಲ್ಲ. ಅದರಲ್ಲಿ ಅರ್ಧ ಜನ ಎಂದೋ ಬಿಟ್ಟು ಹೋಗಿರುತ್ತಾರೆ, ಇನ್ನು ಕೆಲವರು ಬರೀ ಹೆಸರಿಗೆ ಇರುತ್ತಾರೆ. ಕೀಲಿಕೈ ಇರುವವರೇ ಯಜಮಾನರು.

ಸಂಬಳ ಇಲ್ಲದ ಜಾಗದಲ್ಲಿ ಅಧಿಕಾರ ಬೇರೆ ಹೇಗೆ ಹುಟ್ಟಬೇಕು ಹೇಳಿ? ಪುಣೆಯ ಹಿಂಜವಡಿಯ ನನ್ನ ಆಫೀಸಿನಲ್ಲಿ ಮ್ಯಾನೇಜರ್ ಒಂದು ಟಿಕೆಟ್ ನನ್ನ ಹೆಸರಿಗೆ ಹಾಕಿದರೆ ಗೊಣಗಿಕೊಂಡಾದರೂ ಮಾಡುತ್ತೇನೆ. ಯಾಕೆಂದರೆ ತಿಂಗಳ ಕೊನೆಗೆ ಸಂಬಳ ಬರುತ್ತದೆ, ಅಪ್ರೈಸಲ್ ಇದೆ, ವಾಕಡ್‌ನ ಫ್ಲ್ಯಾಟಿಗೆ ಇಎಂಐ ಕಟ್ಟಬೇಕು. ಓಪನ್ ಸೋರ್ಸ್‌ನಲ್ಲಿ ಅದೇ ಧಾಟಿಯಲ್ಲಿ ಶನಿವಾರ ರಾತ್ರಿ ಯಾರಾದರೂ ‘ಈ ಬಗ್ ಸೋಮವಾರದೊಳಗೆ ಮುಗಿಸಿ’ ಅಂದರೆ ಲ್ಯಾಪ್‌ಟಾಪ್ ಮುಚ್ಚಿ ಮಲಗುತ್ತೇನೆ, ಅಷ್ಟೇ. ಡೆಬಿಯನ್‌ನವರು ಇದನ್ನು 1998ರಲ್ಲೇ ತಮ್ಮ ಸಂವಿಧಾನದಲ್ಲಿ ಬರೆದಿಟ್ಟರು. ಹೌದು, ಒಂದು ಲಿನಕ್ಸ್ ಡಿಸ್ಟ್ರೊಗೆ, ಅಂದರೆ ಕಂಪ್ಯೂಟರ್ ನಡೆಸುವ ಒಂದು ಆಪರೇಟಿಂಗ್ ಸಿಸ್ಟಮ್ಮಿಗೆ, ಸಂವಿಧಾನ! ಈ ಪ್ರಾಜೆಕ್ಟಿಗಾಗಿ ಕೆಲಸ ಮಾಡಲೇಬೇಕು ಅಂತ ಯಾರ ಮೇಲೂ ಬಲವಂತ ಇಲ್ಲ, ವಹಿಸಿದ ಕೆಲಸ ಬೇಡ ಅನ್ನಿಸಿದರೆ ಬಿಡಬಹುದು, ಆದರೆ ನಿಯಮದಂತೆ ಆದ ತೀರ್ಮಾನಕ್ಕೆ ಅಡ್ಡಗಾಲು ಹಾಕುವ ಹಾಗಿಲ್ಲ ಅಂತ ಅದರಲ್ಲಿದೆ. ಸ್ವಯಂಸೇವಕರ ಬಗ್ಗೆ ಇದಕ್ಕಿಂತ ಪ್ರಾಮಾಣಿಕವಾದ ನಿಯಮ ನಾನು ಇನ್ನೂ ನೋಡಿಲ್ಲ.

ಪುಣೆಯಲ್ಲಿ ಇರುವವರಿಗೆ ಈ ಕೀಲಿಕೈ ಮಾತು ಬೇಗ ಅರ್ಥವಾಗುತ್ತದೆ, ಇಲ್ಲಿ ಗಲ್ಲಿಗೊಂದು ಗಣಪತಿ ಮಂಡಳ ಇದೆಯಲ್ಲ. ಅಧ್ಯಕ್ಷರು ಬದಲಾಗುತ್ತಾರೆ, ಫ್ಲೆಕ್ಸ್‌ನಲ್ಲಿ ಫೋಟೊ ಬದಲಾಗುತ್ತದೆ. ಆದರೆ ಮಂಟಪದವನ ಫೋನ್ ನಂಬರು, ಪೊಲೀಸ್ ಪರವಾನಗಿಯ ಫೈಲು, ವರ್ಗಣಿಯ, ಅಂದರೆ ಚಂದಾದ, ರಸೀದಿ ಪುಸ್ತಕ ಯಾರ ಮನೆಯ ಕಪಾಟಿನಲ್ಲಿ ಇರುತ್ತವೋ ಅವರು ಹೂಂ ಅನ್ನದೆ ಒಂದು ಬಲ್ಬೂ ಉರಿಯುವುದಿಲ್ಲ. ಮಂಡಳಕ್ಕಾದರೆ ಒಂದು ಅನುಕೂಲ ಇದೆ. ಎಲ್ಲರೂ ಒಂದೇ ಓಣಿಯವರು, ಸಿಟ್ಟು ಬಂದರೆ ಹೋಗಿ ಬಾಗಿಲು ಬಡಿಯಬಹುದು. ಓಪನ್ ಸೋರ್ಸ್‌ನಲ್ಲಿ ಆ ಕಪಾಟು ಯಾವ ದೇಶದಲ್ಲಿದೆ ಅನ್ನುವುದೇ ಎಷ್ಟೋ ಸಲ ಗೊತ್ತಿರುವುದಿಲ್ಲ.

ನಮ್ಮದೇ ಕತೆ ಕೇಳಿ. ಇಲ್ಲಿನ ಕೆಲವು ಕನ್ನಡದವರು ಸೇರಿ ಕನ್ನಡ ಟೈಪಿಂಗಿನ ಒಂದು ಚಿಕ್ಕ ಟೂಲ್ ನೋಡಿಕೊಳ್ಳುತ್ತೇವೆ. ಹೆಸರು ಬೇಡ, ಬಳಸುವವರು ಹೆಚ್ಚಿಲ್ಲ, ಬಳಸುವವರಿಗೆ ಅದಿಲ್ಲದೆ ಆಗುವುದಿಲ್ಲ. ಶುರು ಮಾಡಿದ ಹುಡುಗ ಈಗ ಜರ್ಮನಿಯಲ್ಲಿದ್ದಾನೆ. ಡೊಮೈನ್ ಅವನ ಹೆಸರಲ್ಲಿತ್ತು. ರಿನ್ಯೂವಲ್ ಮೇಲ್ ಹೋಗುತ್ತಿದ್ದದ್ದು ಅವನ ಹಳೆಯ ಕಂಪನಿಯ ವಿಳಾಸಕ್ಕೆ, ಅವನು ಕೆಲಸ ಬಿಟ್ಟಾಗಲೇ ಆ ವಿಳಾಸ ಮುಚ್ಚಿಹೋಗಿತ್ತು. ಒಂದು ಬೆಳಗ್ಗೆ ಸೈಟ್ ತೆರೆದರೆ ಜಾಹೀರಾತಿನ ಪುಟ! ಡಾಟ್ ಆರ್ಗ್ ಡೊಮೈನುಗಳಿಗೆ ಅವಧಿ ಮುಗಿದು ಅಳಿಸಿದ ಮೇಲೂ 30 ದಿನದ ರಿಡೆಂಪ್ಷನ್ ಸಮಯ ಇರುತ್ತದೆ, ಜಾಸ್ತಿ ದುಡ್ಡು ಕಟ್ಟಿ ವಾಪಸ್ ತರಬಹುದು. ಆದರೆ ತರಬೇಕಾದವನು ಯಾರ ಹೆಸರಲ್ಲಿದೆಯೋ ಅವನೇ. ಅವನು ಒಳ್ಳೆಯ ಹುಡುಗ, ಕೂಡಲೇ ಲಾಗಿನ್ ಆಗಲು ಹೋದ. ಒಟಿಪಿ ಬಂದದ್ದು ಅವನ ಹಳೆಯ ಇಂಡಿಯನ್ ನಂಬರಿಗೆ. ಆ ಸಿಮ್ ಇದ್ದದ್ದು ದಾವಣಗೆರೆಯಲ್ಲಿ, ಅವನ ಅಮ್ಮನ ದೇವರ ಮನೆಯ ಡ್ರಾಯರಿನಲ್ಲಿ. ಬ್ಯಾಂಕಿಗೆ ಬೇಕಾಗುತ್ತದೆ ಅಂತ ಪುಣ್ಯಕ್ಕೆ ಅವರು ರೀಚಾರ್ಜ್ ಮಾಡಿಸಿಕೊಂಡು ಬಂದಿದ್ದರು. ಕಾನ್ಫರೆನ್ಸ್ ಕಾಲ್ ಹಾಕಿ, ಪಕ್ಕದ ಮನೆಯ ಹುಡುಗಿಯ ಕೈಲಿ ಸಿಮ್ ಹಾಕಿಸಿ, ಅವರು ಒಂದೊಂದೇ ಅಂಕಿ ಓದಿ ಹೇಳಿದರು. ‘ಇನ್ನೊಂದ್ಸಲ ಹೇಳ್ಲೇನಪ್ಪಾ?’ ಅಂತ ಬೇರೆ ಕೇಳಿದರು. ನಮ್ಮ ಪ್ರಾಜೆಕ್ಟಿನ ಹೈಕಮಾಂಡ್ ಯಾರು ಅಂತ ಆವತ್ತು ಎಲ್ಲರಿಗೂ ಗೊತ್ತಾಯಿತು.

ಆ ಹುಡುಗನದು ಏನೂ ತಪ್ಪಿಲ್ಲ. ಅವನು ಹೋಗುವಾಗ ಏನೇನು ಕೊಟ್ಟು ಹೋಗಬೇಕು ಅಂತ ಯಾರೂ ಪಟ್ಟಿ ಮಾಡಿರಲಿಲ್ಲ. ನಾಯಕನನ್ನು ಆರಿಸುವುದು ಹೇಗೆ ಅಂತ ಎಲ್ಲರೂ ತಲೆ ಕೆಡಿಸಿಕೊಳ್ಳುತ್ತಾರೆ. ಇದ್ದವನು ಇಳಿಯುವುದು ಹೇಗೆ ಅಂತ ಮೊದಲು ಬರೆದಿಡಬೇಕು ಅನ್ನುವುದು ನನ್ನ ವಾದ. ಅದೊಂದು ಸರಿ ಇದ್ದರೆ ಸಾಧಾರಣ ನಾಯಕನ ಕೈಯಲ್ಲೂ ಪ್ರಾಜೆಕ್ಟ್ ಬದುಕುತ್ತದೆ, ಅದಿಲ್ಲದಿದ್ದರೆ ಎಂಥ ಬುದ್ಧಿವಂತ ಕೂತರೂ ಕಷ್ಟ.

ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ನೋಡಿ. ಗೀಡೊ ವಾನ್ ರೋಸಮ್ 1991ರಲ್ಲಿ ಅದನ್ನು ಹೊರತಂದಾಗಿನಿಂದ ಕೊನೆಯ ಮಾತು ಅವರದ್ದೇ. ಜನ ಪ್ರೀತಿಯಿಂದ, ತಮಾಷೆಗೆ, ಅವರನ್ನು ಜೀವನಪರ್ಯಂತದ ದಯಾಳು ಸರ್ವಾಧಿಕಾರಿ ಅಂತ ಕರೆಯುತ್ತಿದ್ದರು. 2018ರಲ್ಲಿ ಪೆಪ್ 572 ಅನ್ನುವ ಪ್ರಸ್ತಾಪ ಬಂತು. ವಿಷಯ ಇಷ್ಟೇ: ಒಂದು ಲೆಕ್ಕದ ನಡುವೆಯೇ ವೇರಿಯಬಲ್‌ಗೆ ಬೆಲೆ ಕೊಡಲು ಕೋಲನ್ ಮತ್ತು ಸಮ ಚಿಹ್ನೆ ಸೇರಿಸಿದ ಒಂದು ಹೊಸ ಆಪರೇಟರ್. ಇಷ್ಟಕ್ಕೆ ತಿಂಗಳುಗಟ್ಟಲೆ ಜಗಳ. ಕೊನೆಗೆ ಅವರು ಅದನ್ನು ಒಪ್ಪಿದರು, ಜುಲೈ 12ರಂದು ಒಂದು ಮೇಲ್ ಬರೆದು ಕುರ್ಚಿ ಬಿಟ್ಟರು. ಒಂದು ಪ್ರಸ್ತಾಪಕ್ಕಾಗಿ ಇಷ್ಟು ಹೊಡೆದಾಡಿ, ಕೊನೆಗೆ ಇಷ್ಟೊಂದು ಜನ ತನ್ನ ತೀರ್ಮಾನವನ್ನು ದ್ವೇಷಿಸುವುದನ್ನು ಇನ್ನು ನೋಡಲಾರೆ ಅನ್ನುವುದು ಅವರ ಮಾತಿನ ಸಾರ. ಉತ್ತರಾಧಿಕಾರಿಯನ್ನು ಹೆಸರಿಸಲಿಲ್ಲ. ಈಗ ಏನು ಮಾಡುತ್ತೀರಿ, ಪ್ರಜಾಪ್ರಭುತ್ವವೋ ಅರಾಜಕತೆಯೋ ಸರ್ವಾಧಿಕಾರವೋ ಅಂತ ಕೇಳಿ ಹೊರಟರು.

ನನಗೆ ಇಲ್ಲಿ ಇಷ್ಟವಾಗುವುದು ಆಮೇಲೆ ನಡೆದದ್ದು. ಹೇಗೆ ಆಳಿಕೊಳ್ಳಬೇಕು ಅಂತ ಏಳು ಬೇರೆ ಬೇರೆ ಪ್ರಸ್ತಾಪ ಬಂದವು. ಡಿಸೆಂಬರ್‌ನಲ್ಲಿ ಕೋರ್ ಡೆವಲಪರ್‌ಗಳು ಮತ ಹಾಕಿ ಒಂದನ್ನು ಆರಿಸಿದರು, 2019ರ ಆರಂಭದಲ್ಲಿ ಐದು ಜನರ ಸ್ಟೀರಿಂಗ್ ಕೌನ್ಸಿಲ್ ಬಂತು. ಒಂದೇ ಕಂಪನಿಯವರು ಇಬ್ಬರಿಗಿಂತ ಹೆಚ್ಚು ಇರುವ ಹಾಗಿಲ್ಲ. ಹೊಸ ಆವೃತ್ತಿ ಬಂದಾಗೆಲ್ಲ ಮತ್ತೆ ಚುನಾವಣೆ. ಮೂರನೇ ಎರಡರಷ್ಟು ಜನ ಅವಿಶ್ವಾಸ ತೋರಿಸಿದರೆ ಕೆಳಗಿಳಿಯಬೇಕು. ಗೀಡೊ ಸಹ ಆ ಮೊದಲ ಐವರಲ್ಲಿ ಒಬ್ಬರಾಗಿದ್ದರು, ಎಲ್ಲರ ಹಾಗೆ ಮತ ಪಡೆದು. ರಾಜ ಸಿಂಹಾಸನದಿಂದ ಇಳಿದು ಅದೇ ಊರಿನ ಪಂಚಾಯ್ತಿ ಚುನಾವಣೆಗೆ ನಿಲ್ಲುವುದನ್ನು ನಾವು ಎಲ್ಲಿ ನೋಡುತ್ತೇವೆ?

ಡೆಬಿಯನ್‌ನಲ್ಲಿ ಇದು ವರ್ಷಕ್ಕೊಮ್ಮೆ ನಡೆಯುತ್ತದೆ. ಪ್ರಾಜೆಕ್ಟ್ ಲೀಡರ್‌ಗೆ ಒಂದೇ ವರ್ಷದ ಅವಧಿ. ಅಭ್ಯರ್ಥಿಗಳನ್ನು ಮೊದಲು ಯಾರು, ಆಮೇಲೆ ಯಾರು ಅಂತ ಸಾಲಾಗಿ ಬರೆದು ಮತ ಹಾಕುತ್ತಾರೆ, ‘ಇವರಲ್ಲಿ ಯಾರೂ ಬೇಡ’ ಅನ್ನುವುದೂ ಆ ಸಾಲಿನಲ್ಲಿ ಒಂದು. ಗೆದ್ದ ಲೀಡರ್‌ಗೆ ಸಿಗುವ ಅಧಿಕಾರವೂ ನಗು ಬರುವಷ್ಟು ಕಡಿಮೆ. ಒಂದು ಕೆಲಸವನ್ನು ಯಾರಿಗಾದರೂ ವಹಿಸಿಕೊಟ್ಟರೆ, ಅವರು ಮಾಡಿದ ತೀರ್ಮಾನವನ್ನು ಆಮೇಲೆ ಲೀಡರ್ ಬದಲಿಸುವ ಹಾಗಿಲ್ಲ. ನಮ್ಮ ಆಫೀಸುಗಳಲ್ಲಿ ಕೆಲಸ ವಹಿಸಿದ ಮೇಲೆ ದಿನಕ್ಕೆ ಮೂರು ಸಲ ಬಂದು ಇಣುಕುವವರಿಗೆ ಇದನ್ನು ಅಚ್ಚು ಹಾಕಿಸಿ ಕೊಡಬೇಕು.

2019ರಲ್ಲಿ ಒಂದು ತಮಾಷೆ ಆಯಿತು. ನಾಮಪತ್ರದ ಗಡುವು ಮುಗಿದರೂ ಒಬ್ಬರೂ ನಿಲ್ಲಲಿಲ್ಲ. ಎಲ್ಲರೂ ಪಲ್ಲಕ್ಕಿ ಏರಿದರೆ ಹೊರುವವರು ಯಾರು ಅಂತ ಗಾದೆ ಇದೆ, ಇಲ್ಲಿ ಪಲ್ಲಕ್ಕಿ ಖಾಲಿ, ಹತ್ತುವವರೇ ಇಲ್ಲ. ಗಡುವನ್ನು ಒಂದು ವಾರ ಮುಂದೂಡಿದ ಮೇಲೆ ಅಭ್ಯರ್ಥಿಗಳು ಬಂದರು. ಆ ನಡುವೆ ಪ್ರಪಂಚವೇನೂ ಮುಳುಗಲಿಲ್ಲ, ಪ್ಯಾಕೇಜುಗಳು ದಿನಾ ಅಪ್‌ಲೋಡ್ ಆಗುತ್ತಲೇ ಇದ್ದವು. ಲೀಡರ್ ಇಲ್ಲದಿದ್ದರೆ ಏನು ಮಾಡಬೇಕು ಅನ್ನುವುದೂ ಆ ಸಂವಿಧಾನದಲ್ಲಿದೆ.

ಇಳಿಯುವ ದಾರಿ ಇಲ್ಲದಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ಎಕ್ಸ್‌ಜೆಡ್ ಕತೆ ಇದೆ. ಇದನ್ನು ಓದಿ ನನಗೆ ನಿಜವಾಗಿ ಭಯವಾಗಿತ್ತು. ಫೈಲುಗಳನ್ನು ಕುಗ್ಗಿಸುವ, ಬೇರೆ ಪ್ರೋಗ್ರಾಮುಗಳು ಬಳಸಿಕೊಳ್ಳುವ ಒಂದು ಸಾಧಾರಣ ಸಾಫ್ಟ್‌ವೇರ್ ಲೈಬ್ರರಿ ಅದು, ಹೆಚ್ಚುಕಡಿಮೆ ಎಲ್ಲ ಲಿನಕ್ಸ್ ಸರ್ವರ್‌ಗಳಲ್ಲೂ ಇರುತ್ತದೆ. ವರ್ಷಗಟ್ಟಲೆ ನೋಡಿಕೊಂಡವರು ಲಸ್ಸೆ ಕಾಲಿನ್ ಎಂಬ ಒಬ್ಬರೇ, ಸಂಬಳವಿಲ್ಲದೆ. ತಮಗೆ ಮಾನಸಿಕವಾಗಿ ಸುಸ್ತಾಗಿದೆ, ಇದು ಬಿಡುವಿನಲ್ಲಿ ಮಾಡುವ ಕೆಲಸ ಅಂತ ಅವರು ಬಹಿರಂಗವಾಗಿಯೇ ಹೇಳಿಕೊಂಡಿದ್ದರು. ಆಗ ಹಿಂದೆ ಮುಂದೆ ಗೊತ್ತಿಲ್ಲದ ಕೆಲವು ಹೆಸರುಗಳು ಬಂದು ‘ಪ್ಯಾಚ್ (ಕೋಡಿನ ತಿದ್ದುಪಡಿ) ಯಾಕೆ ತಡ, ಬೇರೆ ಮೇಂಟೇನರ್‌ಗೆ (ನೋಡಿಕೊಳ್ಳುವವರಿಗೆ) ಕೊಟ್ಟುಬಿಡಿ’ ಅಂತ ಒತ್ತಡ ಹಾಕಿದವು. ಅದೇ ಹೊತ್ತಿಗೆ ‘ಜಿಯಾ ಟಾನ್’ ಎಂಬ ಹೆಸರಿನಲ್ಲಿ ಒಬ್ಬರು ತುಂಬ ವಿನಯವಾಗಿ, ಅಚ್ಚುಕಟ್ಟಾಗಿ ಪ್ಯಾಚ್ ಕಳಿಸುತ್ತಿದ್ದರು. ಎರಡು ವರ್ಷಕ್ಕೂ ಹೆಚ್ಚು ಕಾಲ ಒಳ್ಳೆಯ ಕೆಲಸ ಮಾಡಿ, ಮೇಂಟೇನರ್ ಆಗಿ, 2024ರ ಫೆಬ್ರವರಿಯ ರಿಲೀಸಿನಲ್ಲಿ ಹಿಂಬಾಗಿಲು, ಅಂದರೆ ಸರ್ವರಿನೊಳಗೆ ಕದ್ದು ನುಗ್ಗುವ ದಾರಿ, ಸೇರಿಸಿದರು. ಆ ಹೆಸರಿನ ಹಿಂದೆ ಯಾರಿದ್ದರು ಅನ್ನುವುದು ಬಯಲಾಗಿಲ್ಲ. ಆಂಡ್ರೆಸ್ ಫ್ರಾಯಿಂಡ್ ಅನ್ನುವ ಎಂಜಿನಿಯರ್, ದೂರದ ಸರ್ವರಿಗೆ ಹೋಗುವ ಎಸ್‌ಎಸ್‌ಎಚ್ ಲಾಗಿನ್ ಅರ್ಧ ಸೆಕೆಂಡ್ ತಡವಾಗುತ್ತಿದೆಯಲ್ಲ ಅಂತ ಕೆದಕುತ್ತಾ ಹೋಗಿ ಮಾರ್ಚ್ 29ರಂದು ಇದನ್ನು ಬಯಲಿಗೆ ತಂದರು. ಅರ್ಧ ಸೆಕೆಂಡ್! ನಾವಾದರೆ ಏರ್‌ಟೆಲ್ಲೋ ಜಿಯೋನೋ ಅಂತ ಬೈದು ಸುಮ್ಮನಾಗುತ್ತಿದ್ದೆವು.

ಎಲ್ಲರೂ ಇದನ್ನು ಸೆಕ್ಯುರಿಟಿ ವಿಷಯ ಅಂತಲೇ ಚರ್ಚಿಸಿದರು. ನನಗೆ ಕಂಡದ್ದು ಬೇರೆ. ದಣಿದ ಒಬ್ಬ ಮನುಷ್ಯ ಇಳಿಯಲು ನೋಡುತ್ತಿದ್ದ, ಇಳಿಸಿಕೊಳ್ಳಲು ಒಬ್ಬ ಕಳ್ಳ ಬಿಟ್ಟರೆ ಬೇರೆ ಯಾರೂ ಬಂದಿರಲಿಲ್ಲ. ಆ ಲೈಬ್ರರಿ ಬಳಸಿ ದುಡ್ಡು ಮಾಡಿಕೊಳ್ಳುವ ಇಷ್ಟೊಂದು ಕಂಪನಿಗಳಲ್ಲಿ ಒಬ್ಬರಾದರೂ ‘ವಾರಕ್ಕೆ ಒಂದು ದಿನ ನಮ್ಮ ಹುಡುಗ ನೋಡಿಕೊಳ್ತಾನೆ ಬಿಡಿ’ ಅಂದಿದ್ದರೆ ಆ ಜಾಗ ಹಾಗೆ ಖಾಲಿ ಇರುತ್ತಿರಲಿಲ್ಲ.

ಮತ್ತೆ ನಮ್ಮ ಟೂಲಿಗೆ ಬರುತ್ತೇನೆ. ಡೊಮೈನ್ ಗಲಾಟೆ ಮುಗಿದ ಮೇಲೆ ಇನ್ನೊಂದು ಶುರುವಾಯಿತು. ಇನ್‌ಸ್ಟಾಲ್ ಮಾಡಿದ ಕೂಡಲೇ ಯಾವ ಕೀಬೋರ್ಡ್ ಲೇಔಟ್ ಬರಬೇಕು, ನುಡಿ ತಂತ್ರಾಂಶದಲ್ಲಿರುವ ಕಗಪವೋ ಇನ್‌ಸ್ಕ್ರಿಪ್ಟೋ? ಗೊತ್ತಿಲ್ಲದವರಿಗೆ ಹೇಳುವುದಾದರೆ, ಕಗಪದಲ್ಲಿ ‘ನ’ ಬೇಕಿದ್ದರೆ ಎನ್ ಕೀ ಒತ್ತುತ್ತೇವೆ. ಇನ್‌ಸ್ಕ್ರಿಪ್ಟ್‌ನಲ್ಲಿ ವಿ ಒತ್ತಬೇಕು. ಕರ್ನಾಟಕದಲ್ಲಿ ನುಡಿ ಕಲಿತು ಬಂದವರಿಗೆ ಇನ್‌ಸ್ಕ್ರಿಪ್ಟ್ ಅಂದರೆ ತಲೆನೋವು. ಆದರೆ ಇಲ್ಲೇ ಹುಟ್ಟಿ ಬೆಳೆದು ಮರಾಠಿ, ಹಿಂದಿಯನ್ನು ಇನ್‌ಸ್ಕ್ರಿಪ್ಟ್‌ನಲ್ಲಿ ಟೈಪ್ ಮಾಡುವ ಹುಡುಗರಿಗೆ ಅದೇ ಸಲೀಸು, ಯಾಕೆಂದರೆ ಎಲ್ಲ ಭಾರತೀಯ ಲಿಪಿಗೂ ಅಕ್ಷರಗಳ ಜಾಗ ಹೆಚ್ಚುಕಡಿಮೆ ಒಂದೇ. ಎರಡೂ ಕಡೆ ನ್ಯಾಯ ಇದೆ. ವಾದ ತಿಂಗಳುಗಟ್ಟಲೆ ಎಳೆಯಿತು. ಒಂದು ರಾತ್ರಿ, ಮರ್ಜ್ ಹಕ್ಕು ಇದ್ದ ಬೆಳಗಾವಿಯ ಹಿರಿಯರೊಬ್ಬರು, ನಾವೆಲ್ಲ ಕಾಕಾ ಅನ್ನುತ್ತೇವೆ, ಕಗಪ ಹಾಕಿ ಮರ್ಜ್ ಮಾಡಿ ಮಲಗಿಬಿಟ್ಟರು.

ಮುಂದಿನ ಭಾನುವಾರ ಫರ್ಗ್ಯುಸನ್ ರಸ್ತೆಯ ವೈಶಾಲಿಯ ಹೊರಗೆ ಟೇಬಲ್ಲಿಗೆ ಕಾಯುತ್ತಾ ನಿಂತಿದ್ದಾಗಲೇ ಶುರುವಾಯಿತು. ಉಡುಪಿಯವರೊಬ್ಬರು ಕೇಳಿಯೇಬಿಟ್ಟರು, ‘ಅಲ್ಲ ಮಾರಾಯ್ರೆ, ಯಾರತ್ರ ಕೇಳಿ ಹಾಕಿದ್ರಿ?’ ಕಾಕಾ ತಣ್ಣಗೆ, ‘ಕೇಳ್ಕೋತ ಕುಂತ್ರ ಈ ಜನ್ಮದಾಗ ಮುಗೀತಿದ್ದಿಲ್ರಿ.’ ಇಬ್ಬರ ಮಾತೂ ನಿಜವೇ. ಕಾಕಾ ಆರಿಸಿದ್ದು ಸರಿಯೇ ಇತ್ತು ಅಂತ ನನಗೆ ಈಗಲೂ ಅನ್ನಿಸುತ್ತದೆ. ಆದರೆ ಇನ್‌ಸ್ಕ್ರಿಪ್ಟ್ ಪರ ಇದ್ದ ಇಬ್ಬರು ಕಾಲೇಜು ಹುಡುಗರು ಆಮೇಲೆ ಒಂದು ಪ್ಯಾಚನ್ನೂ ಕಳಿಸಲಿಲ್ಲ. ಜಗಳ ಮಾಡಿ ಹೋಗಲಿಲ್ಲ, ಸುಮ್ನೆ ಬರುವುದು ನಿಲ್ಲಿಸಿದರು. ಸ್ವಯಂಸೇವಕರು ರಾಜೀನಾಮೆ ಕೊಡುವುದು ಹೀಗೇ ಅಲ್ವಾ, ಪತ್ರ ಗಿತ್ರ ಏನೂ ಇರುವುದಿಲ್ಲ.

ಆಮೇಲೆ ನಾವು ಅಪಾಚೆ ಎಂಬ ದೊಡ್ಡ ಓಪನ್ ಸೋರ್ಸ್ ಸಂಸ್ಥೆಯವರಿಂದ ಒಂದು ನಿಯಮ ಎತ್ತಿಕೊಂಡೆವು. ಮುಖ್ಯವಾದ ಬದಲಾವಣೆ ಇದ್ದರೆ ಮುಂಚೆ ಎಲ್ಲರಿಗೂ ತಿಳಿಸಿ 72 ಗಂಟೆ ಕಾಯಬೇಕು. ಯಾರೂ ಏನೂ ಹೇಳದಿದ್ದರೆ ಮೌನಂ ಸಮ್ಮತಿ ಲಕ್ಷಣಂ, ಮುಂದುವರಿಯಬಹುದು. ಬೇಡ ಅನ್ನುವವರು ಮೈನಸ್ ಒಂದು ಅಂತ ಹಾಕಬಹುದು, ಆದರೆ ತಾಂತ್ರಿಕ ಕಾರಣ ಕೊಡಬೇಕು. ‘ನನಗ್ಯಾಕೋ ಸರಿ ಕಾಣ್ತಿಲ್ಲ’ ಅಂದರೆ ನಡೆಯುವುದಿಲ್ಲ. 72 ಗಂಟೆ ಯಾಕೆಂದರೆ ಒಬ್ಬರು ಪುಣೆಯಲ್ಲಿ, ಒಬ್ಬರು ಜರ್ಮನಿಯಲ್ಲಿ, ಇನ್ನೊಬ್ಬರ ಮನೆಯಲ್ಲಿ ನಾಮಕರಣ. ಎಲ್ಲರಿಗೂ ಒಮ್ಮೆಯಾದರೂ ಮೇಲ್ ನೋಡಲು ಸಮಯ ಸಿಗಲಿ ಅಂತ. ಕಾಕಾ ಮೊದಲು ಮೂಗು ಮುರಿದರು, ಈಗ ಎಲ್ಲರಿಗಿಂತ ಹೆಚ್ಚು ಅವರೇ ಗಡಿಯಾರ ನೋಡುತ್ತಾರೆ.

ನಿಯಮ ಬರೆದರೆ ಎಲ್ಲ ಮುಗಿಯಿತು ಅಂತಲ್ಲ. ರಸ್ಟ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಸಮುದಾಯದಲ್ಲಿ ನಿಯಮ, ತಂಡ, ಆಚಾರಸಂಹಿತೆ ಎಲ್ಲವೂ ಇದ್ದವು. ಆದರೂ 2021ರ ನವೆಂಬರಿನಲ್ಲಿ ಆಚಾರಸಂಹಿತೆ ನೋಡಿಕೊಳ್ಳುವ ಅಲ್ಲಿನ ಮಾಡರೇಷನ್ ತಂಡ ಒಟ್ಟಿಗೆ ರಾಜೀನಾಮೆ ಕೊಟ್ಟಿತು. ಕೋರ್ ತಂಡ ತನ್ನನ್ನು ಬಿಟ್ಟು ಬೇರೆ ಯಾರಿಗೂ ಉತ್ತರ ಕೊಡಬೇಕಾಗಿಲ್ಲ ಅನ್ನುವಂತಾಗಿದೆ ಅನ್ನುವುದು ಅವರ ದೂರು. ಅದು ಸರಿಹೋಗಿ ಹೊಸ ಲೀಡರ್‌ಶಿಪ್ ಕೌನ್ಸಿಲ್ ಬರುವಷ್ಟರಲ್ಲಿ 2023 ಆಗಿತ್ತು.

ಹೆಸರೂ ಒಂದು ಕೀಲಿಕೈ. ಒರಾಕಲ್ ಕಂಪನಿ 2010ರಲ್ಲಿ ಸನ್ ಎಂಬ ಕಂಪನಿಯನ್ನು ಕೊಂಡುಕೊಂಡಾಗ, ಆಫೀಸ್ ಕೆಲಸದ ಸಾಫ್ಟ್‌ವೇರ್ ಓಪನ್‌ಆಫೀಸ್‌ನ ಹೆಸರೂ ಅದರ ಕೈಗೆ ಹೋಯಿತು. ಕೋಡ್ ಎಲ್ಲರದು, ಹೆಸರು ಕಂಪನಿಯದು. ಸಮುದಾಯದವರು ಅದೇ ಸೆಪ್ಟೆಂಬರಿನಲ್ಲಿ ಕೋಡ್ ತೆಗೆದುಕೊಂಡು ಹೊರಗೆ ಬಂದರು, ಲಿಬ್ರೆಆಫೀಸ್ ಅಂತ ಹೊಸ ಹೆಸರು ಇಟ್ಟರು. ಇವತ್ತು ಉಬುಂಟು ಎಂಬ ಲಿನಕ್ಸನ್ನು ಪೂರ್ತಿ ಆ್ಯಪ್‌ಗಳ ಸಮೇತ ಹಾಕಿದರೆ ಬರುವುದು ಲಿಬ್ರೆಆಫೀಸ್. ಫೋರ್ಕ್ ಮಾಡುವ, ಅಂದರೆ ಹೀಗೆ ಕೋಡ್ ತೆಗೆದುಕೊಂಡು ಬೇರೆಯಾಗುವ, ಹಕ್ಕು ಅನ್ನುವುದು ಓಪನ್ ಸೋರ್ಸ್‌ನಲ್ಲಿ ಪ್ರಜೆಯ ಕೊನೆಯ ಅಸ್ತ್ರ. ಆದರೆ ಅದಕ್ಕೆ ಜನಬಲ ಬೇಕು, ನಾಲ್ಕು ಜನರ ಪ್ರಾಜೆಕ್ಟನ್ನು ಫೋರ್ಕ್ ಮಾಡಿದರೆ ಇಬ್ಬಿಬ್ಬರ ಎರಡು ಪ್ರಾಜೆಕ್ಟ್ ಆಗುತ್ತದೆ, ಎರಡೂ ಆರು ತಿಂಗಳಲ್ಲಿ ಮಲಗುತ್ತವೆ.

ನಾವು ಕೊನೆಗೆ ಒಂದು ಫೈಲ್ ಬರೆದೆವು, ಕೋಡ್ ಇಡುವ ರೆಪೊದಲ್ಲಿ ಎಲ್ಲರಿಗೂ ಕಾಣುವ ಹಾಗೆ. ಪ್ರತಿ ಕೀಲಿಕೈಗೂ ಇಬ್ಬರು, ಒಂದೇ ಆಫೀಸಿನವರು ಬೇಡ. ವರ್ಷಕ್ಕೊಮ್ಮೆ ಎಲ್ಲರೂ ‘ನಾನಿನ್ನೂ ಇದ್ದೇನೆ’ ಅಂತ ಒಂದು ಸಾಲು ಬರೆಯಬೇಕು, ಬರೆಯದಿದ್ದರೆ ಹಕ್ಕು ತೆಗೆದು ಹೆಸರನ್ನು ಹಿರಿಯರ ಪಟ್ಟಿಗೆ ಗೌರವದಿಂದ ಸೇರಿಸುತ್ತೇವೆ. ವಾಪಸ್ ಬರುತ್ತೇನೆ ಅಂದರೆ ಕಾರಣ ಕೇಳುವುದಿಲ್ಲ. ಈ ಕೊನೆಯ ಮಾತು ಸೇರಿಸಿದ ಮೇಲೆ ಇಳಿಯಲು ಹಿಂದೇಟು ಹಾಕುತ್ತಿದ್ದ ಇಬ್ಬರು ತಾವಾಗಿಯೇ ಇಳಿದರು. ಅವರಿಗೆ ಕುರ್ಚಿಯ ಆಸೆ ಇರಲಿಲ್ಲ, ಬಿಟ್ಟರೆ ಮರೆತುಬಿಡುತ್ತಾರೆ ಅನ್ನುವ ಅಂಜಿಕೆ ಇತ್ತು ಅಂತ ಕಾಣುತ್ತದೆ.

ಬಗೆಹರಿಯದೆ ಉಳಿದಿರುವುದು ದುಡ್ಡು ಮತ್ತು ಡೊಮೈನ್. ನಮ್ಮ ಗುಂಪಿಗೆ ಕಾನೂನಿನ ಲೆಕ್ಕದಲ್ಲಿ ಅಸ್ತಿತ್ವವೇ ಇಲ್ಲ, ಹಾಗಾಗಿ ಗುಂಪಿನ ಹೆಸರಲ್ಲಿ ಬ್ಯಾಂಕ್ ಖಾತೆ ಇಲ್ಲ, ಡೊಮೈನ್ ಯಾವಾಗಲೂ ಯಾರಾದರೂ ಒಬ್ಬರ ಹೆಸರಲ್ಲೇ ಇರಬೇಕು. ಸಂಘ ಅಂತ ನೋಂದಣಿ ಮಾಡಿಸಬಹುದು. 1860ರ ಸೊಸೈಟಿ ಕಾಯ್ದೆಗೆ ಕನಿಷ್ಠ ಏಳು ಜನ ಬೇಕು, ಮಹಾರಾಷ್ಟ್ರದಲ್ಲಿ ಅದರ ಜೊತೆ ಚಾರಿಟಿ ಕಮಿಷನರ್ ಆಫೀಸಿನ ನೋಂದಣಿ, ವರ್ಷ ವರ್ಷ ಆಡಿಟ್. ಇಷ್ಟು ಚಿಕ್ಕ ಟೂಲಿಗೆ ಸಿಎ ಹಿಡಿಯಬೇಕಾ ಅಂತ ಕಾಕಾ ಕೇಳುತ್ತಾರೆ. ಇನ್ನೊಂದು ದಾರಿ, ಬೇರೆ ಸಂಸ್ಥೆಯ ಆಸರೆ ಪಡೆಯುವುದು. ಡೆಬಿಯನ್‌ನ ಆಸ್ತಿಪಾಸ್ತಿ ನೋಡಿಕೊಳ್ಳಲು 1997ರಲ್ಲಿ ಅಮೆರಿಕದಲ್ಲಿ ಒಂದು ಲಾಭರಹಿತ ಸಂಸ್ಥೆಯನ್ನೇ ಕಟ್ಟಿದರು, ಈಗ ಬೇರೆ ಎಷ್ಟೋ ಪ್ರಾಜೆಕ್ಟುಗಳೂ ಅದರ ನೆರಳಿನಲ್ಲಿವೆ. ಅಂಥದ್ದು ಇಲ್ಲೇ ಸಿಕ್ಕರೆ ನನ್ನ ಮತ ಅದಕ್ಕೆ. ಉಡುಪಿಯವರ ಮತ ಸಂಘಕ್ಕೆ, ಅವರಿಗೆ ಲೆಟರ್‌ಹೆಡ್ ಬೇಕು. 72 ಗಂಟೆಯ ನೋಟಿಸ್ ಹಾಕಿದ್ದೇವೆ, ಶುಕ್ರವಾರ ರಾತ್ರಿ ಮುಗಿಯುತ್ತದೆ. ಇಲ್ಲಿಯವರೆಗೆ ಒಂದು ಮೈನಸ್ ಒಂದು ಬಂದಿದೆ, ಕಾರಣ ಇನ್ನೂ ಬರೆದಿಲ್ಲ.